ಆಕ್ಸೊಲಾಟಲ್ ಟ್ಯಾಂಕ್ ಸೆಟಪ್: ಚಿಲ್ಲರ್ ಬೇಕಾ, ಮರಳು ಹಾಕಬಹುದಾ? ಸಾಕಿದವರು ಹೇಳಿ

ರಾಜಾಜಿನಗರ_ಅಪ್ಪ:
ಮಗಳು ಎಂಟನೇ ಕ್ಲಾಸು. ಮೈನ್‌ಕ್ರಾಫ್ಟ್ ಗೇಮ್‌ನಲ್ಲಿ ನೋಡಿ ನೋಡಿ ಆಕ್ಸೊಲಾಟಲ್ (ನೀರಲ್ಲೇ ಇರೋ, ಹಲ್ಲಿ ಥರ ಕಾಣೋ ಸಲಮಾಂಡರ್) ಬೇಕೇ ಬೇಕು ಅಂತ ಹಟ ಹಿಡಿದಿದ್ದಾಳೆ. ಎರಡು ಮರಿ ತರೋಣ ಅಂತಿದೀವಿ. ಮನೆ ಎರಡನೇ ಮಹಡಿ, ಹಾಲ್‌ಗೆ ಸಂಜೆ ಬಿಸಿಲು ಬೀಳುತ್ತೆ. ಟ್ಯಾಂಕು, ಒಳಗಿನ ಸಾಮಾನು ಎಲ್ಲ ಸೇರಿ 25,000 ಒಳಗೆ ಮುಗಿಯುತ್ತಾ? ತಳಕ್ಕೆ ಏನು ಹಾಕಬೇಕು? ನೀರು ತಂಪು ಮಾಡೋ ಚಿಲ್ಲರ್ ಇಲ್ಲದೆ ಆಗುತ್ತಾ? ದಯವಿಟ್ಟು ನಿಮ್ಮ ಅನುಭವ ಹೇಳಿ.

ತಣ್ಣೀರು_ಮಲ್ಲೇಶ್ವರ:
ಚಿಲ್ಲರ್ ಇಲ್ಲದೆ ಆಗಲ್ಲ ಸರ್. ಯಾರು ಏನೇ ಹೇಳಿದ್ರೂ ನಂಬಬೇಡಿ. ಇದು ಮೆಕ್ಸಿಕೋ ಸಿಟಿಯ ಸೊಚಿಮಿಲ್ಕೋ ಕಾಲುವೆಗಳ ಪ್ರಾಣಿ, ಸಮುದ್ರಮಟ್ಟದಿಂದ 2,200 ಮೀಟರ್ ಮೇಲಿನ ಊರು. 16ರಿಂದ 18 ಡಿಗ್ರಿ ಅದಕ್ಕೆ ಹಿತ, 24 ಅಂದ್ರೆ ಅಪಾಯ. ನನ್ನ ಲೆಕ್ಕ ಇಲ್ಲಿದೆ. ಮೂರಡಿ ಉದ್ದ, ಒಂದೂವರೆ ಅಗಲ, ಒಂದೂವರೆ ಎತ್ತರದ ಟ್ಯಾಂಕು, 8 ಎಂಎಂ ಗಾಜು: 6,800. ಸ್ಟ್ಯಾಂಡು 4,200. ಹತ್ತನೇ ಒಂದು ಎಚ್‌ಪಿ ಚಿಲ್ಲರ್ 27,500. ಟ್ಯಾಂಕಿನ ಹೊರಗಿಡೋ ಕ್ಯಾನಿಸ್ಟರ್ ಫಿಲ್ಟರ್ 7,400. ಕರೆಂಟ್ ಹೋದಾಗಿನ ತಲೆನೋವಿಗೆ ಇನ್ವರ್ಟರ್‌ಗೆ ದೊಡ್ಡ ಬ್ಯಾಟರಿ 14,500. ನೀರು ಪರೀಕ್ಷೆ ಮಾಡೋ ಟೆಸ್ಟ್ ಕಿಟ್ 3,900. ಒಟ್ಟು 64,300, ಮರಿ ತರೋ ಮುಂಚೆ.

ಅಷ್ಟಾದ್ಮೇಲೂ ಗೋಳು ತಪ್ಪಲಿಲ್ಲ. ಕೂರಿಸೋಕೆ ಬಂದವನು ಚಿಲ್ಲರನ್ನ ಟ್ಯಾಂಕಿನ ಕೆಳಗಿನ ಕ್ಯಾಬಿನೆಟ್‌ನಲ್ಲಿಟ್ಟು ಬಾಗಿಲು ಹಾಕಿ ಹೋದ. ಅದು ನೀರಿನ ಶಾಖ ತೆಗೆದು ಹೊರಗೆ ಬಿಡೋ ಯಂತ್ರ. ಬಿಟ್ಟ ಶಾಖ ಅಲ್ಲೇ ತುಂಬಿಕೊಂಡು ಮತ್ತೆ ಅದನ್ನೇ ಎಳ್ಕೊಳ್ತಿತ್ತು. ಮೋಟರ್ ನಿಲ್ಲದೆ ಓಡ್ತಿದೆ, ನೀರು ಮಾತ್ರ 23ರಿಂದ ಇಳೀತಿಲ್ಲ. ಬಡಗಿ ಕರೆಸಿ ಹಿಂದಿನ ಪ್ಲೈವುಡ್ ಪೂರ್ತಿ ಕೊಯ್ಸಿದೆ, 1,200. ಆಮೇಲೇ 18ಕ್ಕೆ ಬಂತು. ಇನ್ನೊಂದು: ಸೈಕಲ್, ಅಂದ್ರೆ ಕೊಳೆಯ ಅಮೋನಿಯಾ ಕರಗಿಸೋ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ಬೆಳೆಯೋದು, ಮುಗಿಯೋವರೆಗೆ ಚಿಲ್ಲರ್ ಹಾಕಬೇಡಿ. ತಣ್ಣೀರಲ್ಲಿ ಬ್ಯಾಕ್ಟೀರಿಯಾ ಏಳೋದು ತುಂಬ ನಿಧಾನ.

ಹುಬ್ಬಳ್ಳಿ_ನಡುಮನಿ:
ಅರವತ್ನಾಲ್ಕು ಸಾವಿರಕ್ಕ ಹಾಲು ಕೊಡೋ ಎಮ್ಮಿ ಬರ್ತೈತ್ರಿ. ಹೊಸಾ ಮಂದಿನ್ನ ಹಿಂಗ ಹೆದರಸಬ್ಯಾಡ್ರಿ. ನಮ್ಮದು ಹಳೇ ಮನಿ, ದಪ್ಪ ಕಲ್ಲಿನ ಗ್ವಾಡಿ, ನಡುಮನ್ಯಾಗ ಟ್ಯಾಂಕ್ ಇಟ್ಟೀನಿ. 12 ವೋಲ್ಟಿನ ಎರಡು ಕಂಪ್ಯೂಟರ್ ಫ್ಯಾನ್, ಒಂದಕ್ಕ 180 ರೂಪಾಯಿ, ನೀರಿನ ಮ್ಯಾಲೆ ಓರೆ ಕೂಡ್ಸೀನಿ. ನಮ್ಮ ಕಡೆ ಬ್ಯಾಸಗ್ಯಾಗ ಒಣಾ ಹವಾ, ನೀರು ಆರಿದಷ್ಟೂ ತಂಪಾಕ್ಕೈತಿ. 25 ಇದ್ದದ್ದು 21ಕ್ಕ ಬರ್ತೈತಿ. ದಿನಾ ಎರಡು ಲೀಟರ್ ಮ್ಯಾಲಿಂದ ಹಾಕಬೇಕು, ಅಷ್ಟ. ನನ್ನವು ತಿಂದುಂಡು ಆರಾಮ ಅದಾವು, ಒಂದು ತತ್ತೀನೂ ಇಟ್ಟೈತಿ.

ಕುಡ್ಲದವ:
ಫ್ಯಾನ್ ಅಂತ ಹೇಳುವವರು ಒಮ್ಮೆ ಕರಾವಳಿಗೆ ಬಂದು ನೋಡಬೇಕು ಮಾರಾಯ್ರೆ. ಇಲ್ಲಿ ಗಾಳಿಯಲ್ಲೇ ನೀರು ಉಂಟು, ಟ್ಯಾಂಕಿನ ನೀರು ಆರುವುದು ಎಲ್ಲಿಗೆ? ಇದೇ ಥರದ ಮಾತು ಕೇಳಿ ನಾನು ನಾಲ್ಕು ಫ್ಯಾನ್ ಹಾಕಿದೆ. ಒಂದು ಡಿಗ್ರಿ ಇಳಿಯಲಿಲ್ಲ. ನೀರಿನ ಬಾಟಲಿ ಫ್ರೀಜರಿನಲ್ಲಿಟ್ಟು ಬಿಡು ಅಂದರು. ಬಿಟ್ಟರೆ 22, ಕರಗಿದ ಮೇಲೆ 28. ಆ ಏರಿಳಿತವೇ ಅದನ್ನು ಸುಸ್ತು ಮಾಡಿತು. ಮೊದಲು ಬಾಲದ ತುದಿ ಕೊಕ್ಕೆಯಂತೆ ಮಡಚಿತು, ಕಿವಿರಿನ ಕವಲುಗಳು ಮುಂದಕ್ಕೆ ಬಾಗಿದವು, ಆಮೇಲೆ ಎಡಗಡೆ ಕಿವಿರಿನ ಮೇಲೆ ಹತ್ತಿಯ ಹಾಗೆ ಬಿಳಿ ಬೂಸು. ಡಬ್ಬಿಗೆ ಹಾಕಿ ದಿನಾ ಪೂರ್ತಿ ನೀರು ಬದಲಿಸಿ, ಬೂಸಿಗೆ ಮೆಥಿಲೀನ್ ಬ್ಲೂ ಔಷಧಿ ಕೊಟ್ಟು ಉಳಿಸಿಕೊಂಡದ್ದು. ಕಡೆಗೆ ಮಡಿಕೇರಿಯ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟು ಬಂದೆ. ಟ್ಯಾಂಕು ಈಗಲೂ ನಮ್ಮ ಜಗಲಿಯಲ್ಲಿ ಖಾಲಿ ಕೂತಿದೆ.

ಹುಬ್ಬಳ್ಳಿ_ನಡುಮನಿ:
ನಿಮ್ಮೂರಾಗ ಆಗಂಗಿಲ್ಲಂದ್ರ ನಾನೇನ್ ಮಾಡ್ಲಿ? ನಾ ನಮ್ಮೂರಿಂದ ಹೇಳೀನಿ.

ತಣ್ಣೀರು_ಮಲ್ಲೇಶ್ವರ:
ಕೇಳ್ತಿರೋರು ರಾಜಾಜಿನಗರದೋರು ಸ್ವಾಮಿ, ಅವರ ಹಾಲ್‌ನಲ್ಲಿ ಕಲ್ಲಿನ ಗೋಡೆ ಇಲ್ಲ. 21 ಡಿಗ್ರಿ ಅಂದ್ರೆ "ಆರಾಮ" ಅಲ್ಲ, ತಡ್ಕೊಂಡಿವೆ ಅಷ್ಟೇ. ಮೊಟ್ಟೆ ಇಡೋದು ಆರೋಗ್ಯದ ಸರ್ಟಿಫಿಕೇಟ್ ಅಲ್ಲ.

ಮೈಸೂರು_ಗಿಡದಮ್ಮ:
ಎಲ್ಲರೂ ಡಿಗ್ರಿ ಡಿಗ್ರಿ ಅಂತಲೇ ಕೂತಿದ್ದೀರಿ, ಒಳಗೆ ಏನು ಹಾಕಬೇಕು ಅಂತ ಅವರು ಕೇಳಿದ್ದಕ್ಕೆ ಒಬ್ಬರೂ ಉತ್ತರ ಕೊಟ್ಟಿಲ್ಲ. ನನ್ನ ಟ್ಯಾಂಕಿನ ತಳಕ್ಕೆ ಕಡಪ ಕಲ್ಲು. ಅಡುಗೆಮನೆ ಕಟ್ಟೆಯದು ಉಳಿದಿತ್ತು, ಅಂಚು ಉಜ್ಜಿಸಿ ಕೂರಿಸಿದೆ, 350 ರೂಪಾಯಿ. ಕಾಲಿಗೆ ಹಿಡಿತ ಸಿಗುತ್ತೆ, ಕಸ ಎಳೆಯೋದು ಸುಲಭ. ಅಡಗೋಕೆ ನಾಡಹೆಂಚು. ಅರ್ಧ ಕೊಳವೆ ಹಾಗಿರುತ್ತಲ್ಲ, ಕವುಚಿ ಹಾಕಿದ್ರೆ ಗುಹೆ. ಬಾಯಿಯ ಅಂಚನ್ನ ಉಪ್ಪುಕಾಗದದಲ್ಲಿ ತಿಕ್ಕಬೇಕು, ಚರ್ಮ ಬಹಳ ನಾಜೂಕು. ಒಂದೊಂದಕ್ಕೂ ಬೇರೆ ಬೇರೆ ಹೆಂಚು, ಇಲ್ಲಾಂದ್ರೆ ಕಚ್ಚಾಡ್ತವೆ. ಮರಿಗಳಂತೂ ಒಂದರ ಕಾಲು ಇನ್ನೊಂದು ಕಿತ್ತೇಬಿಡ್ತವೆ. ಮತ್ತೆ ಬೆಳೆಯುತ್ತೆ, ಆದ್ರೆ ನೋಡೋ ಮಗುವಿನ ಕರುಳು ಕಿತ್ತು ಬರುತ್ತೆ. ಬೆಳಕು ಜಾಸ್ತಿ ಬೇಡ, ಪಾಪ ರೆಪ್ಪೆ ಇಲ್ಲ ಅದಕ್ಕೆ. ಅನುಬಿಯಾಸ್, ಜಾವಾ ಫರ್ನ್ ಅನ್ನೋ ನೀರುಗಿಡಗಳು ಮಂದ ಬೆಳಕಲ್ಲೂ ಬರ್ತವೆ. ದಾರದಲ್ಲಿ ಹೆಂಚಿಗೇ ಕಟ್ಟಿದೀನಿ.

ಎರೆಹುಳ ನನ್ನ ಗೊಬ್ಬರದ ತೊಟ್ಟಿಯದೇ ಕೊಡ್ತಿದ್ದೆ. ಆ ಕೆಂಪು ಸಣ್ಣ ಹುಳ ಕಹಿ, ಬಾಯಿಗೆ ತಗೊಂಡು ಥೂ ಅಂತ ಉಗೀತಿತ್ತು. ಈಗ ಬಿಸಿನೀರಲ್ಲಿ ಒಂದು ಗಳಿಗೆ ಅದ್ದಿ, ತಣಿಸಿ, ತುಂಡು ಮಾಡಿ ಕೊಡ್ತೀನಿ, ತಿನ್ನುತ್ತೆ.

ಗಾಜಿನ_ಗೂಡು:
ಅಕ್ಕ, ಕಡಪ ಕಲ್ಲು ಸುಣ್ಣಕಲ್ಲು. ನೀರಿನ ಗಡಸುತನ ಏರಿಸುತ್ತೆ. ದಯವಿಟ್ಟು ಇಂಥದ್ದನ್ನ ಹೊಸಬರಿಗೆ ಹೇಳಬೇಡಿ. ನಾನು ಆರ್‌ಒ ನೀರು ಬಿಟ್ಟು ಬೇರೆ ಹಾಕೇ ಇಲ್ಲ. ತಳಕ್ಕೆ ನಯವಾದ ಸಿಲಿಕಾ ಮರಳು, 20 ಕೆಜಿ 900 ರೂಪಾಯಿ, ನೀರು ತಿಳಿಯಾಗೋವರೆಗೆ ತೊಳೆದು ತೊಳೆದು ಬೆನ್ನು ಬಿತ್ತು. ಎಂ-ಸ್ಯಾಂಡ್ ಮಾತ್ರ ಬೇಡವೇ ಬೇಡ, ಚೂಪು. ಜಲ್ಲಿ ಇನ್ನೂ ಕೆಟ್ಟದ್ದು. ಊಟ ನುಂಗುವಾಗ ಜೊತೆಗೆ ಕಲ್ಲೂ ನುಂಗಿ ಹೊಟ್ಟೆ ಕಟ್ಟಿಕೊಳ್ಳುತ್ತೆ. ನನ್ನ ಸ್ನೇಹಿತನದು ಹಾಗೇ ಹೋಯ್ತು.

ಮೈಸೂರು_ಗಿಡದಮ್ಮ:
ಸುಣ್ಣಕಲ್ಲು ಅಂತ ಗೊತ್ತಿದ್ದೇ ಹಾಕಿದ್ದು ತಮ್ಮಾ. ಆಕ್ಸೊಲಾಟಲ್‌ಗೆ ಗಡಸು ನೀರೇ ಬೇಕು, ಪಿಎಚ್ ಏಳೂವರೆ ಆಸುಪಾಸು. ಖನಿಜವೆಲ್ಲ ಸೋಸಿ ತೆಗೆದ ಆರ್‌ಒ ನೀರಲ್ಲಿ ಸಾಕ್ತಿರೋದು ನೀನು, ಉಪದೇಶ ನನಗಾ? ನನ್ನದು ಬೋರ್‌ವೆಲ್ ನೀರು, ಕಿವಿರು ನವಿಲುಗರಿ ಥರ ಇದೆ.

ಗಾಜಿನ_ಗೂಡು:
ಆರ್‌ಒ ನೀರಿಗೆ ಲವಣ ಸೇರಿಸಿಯೇ ಹಾಕ್ತೀನಿ ಅಕ್ಕ, ಅಳತೆ ಪ್ರಕಾರ. ಅದೃಷ್ಟದ ಮೇಲೆ ಬಿಟ್ಟಿಲ್ಲ. ನಿಮ್ಮ ಬೋರ್‌ವೆಲ್‌ನ ನೈಟ್ರೇಟ್ ಯಾವತ್ತಾದ್ರೂ ಅಳೆದಿದ್ದೀರಾ? ಕೆಲವು ಕಡೆ ನಲ್ಲಿಯಿಂದ ಬರುವಾಗಲೇ ಲೀಟರ್‌ಗೆ 40 ಮಿಲಿಗ್ರಾಂ ಇರುತ್ತೆ. 20ರ ಒಳಗೆ ಇರಬೇಕಾದ ಟ್ಯಾಂಕಿಗೆ ಎಷ್ಟು ನೀರು ಬದಲಿಸಿದ್ರೂ ಏನು ಬಂತು?

ರಾಜಾಜಿನಗರ_ಅಪ್ಪ:
ಎಲ್ಲರಿಗೂ ಧನ್ಯವಾದ. ಉತ್ತರದ ಕಡೆ ಒಂದು ಸಣ್ಣ ಕೋಣೆ ಇದೆ, ಬಿಸಿಲು ಬರಲ್ಲ. ಅಲ್ಲಿಟ್ಟು ಫ್ಯಾನ್‌ನಿಂದ ಶುರು ಮಾಡಿದ್ರೆ? ನಮ್ಮದು ಕಾವೇರಿ ನೀರು.

ಫ್ರೀಮಾಂಟ್_ಕನ್ನಡಿಗ:
ನೀವೆಲ್ಲ ಸಾಕೋಕೆ ಆಗ್ತಿದೆಯಲ್ಲ, ಅದೇ ಪುಣ್ಯ. ಟೆಕ್ಸಾಸ್‌ನಲ್ಲಿದ್ದಾಗ ಒಂದನ್ನ ಮರಿಯಿಂದ ಸಾಕಿದ್ದೆ. ಕೆಲಸ ಬದಲಾಗಿ ಇಲ್ಲಿಗೆ ಬರಬೇಕಾಯ್ತು. ಕ್ಯಾಲಿಫೋರ್ನಿಯಾದಲ್ಲಿ ಮನೆಯಲ್ಲಿ ಇಟ್ಕೊಳ್ಳೋದೇ ಕಾನೂನುಬಾಹಿರ. ತಪ್ಪಿಸಿಕೊಂಡು ಇಲ್ಲಿನ ನೀರು ಸೇರಿದ್ರೆ ಸ್ಥಳೀಯ ಸಲಮಾಂಡರ್‌ಗಳಿಗೆ ಅಪಾಯ ಅಂತ. ಟ್ಯಾಂಕು, ಚಿಲ್ಲರ್ ಸಮೇತ ಆಸ್ಟಿನ್‌ನ ಸ್ನೇಹಿತರಿಗೆ ಕೊಟ್ಟೆ, 700 ಡಾಲರ್ ಸಾಮಾನು ಬಿಟ್ಟಿ. ಅವರು ಕಳಿಸೋ ವಿಡಿಯೋ ನೋಡೋಕೆ ಈಗಲೂ ಆಗಲ್ಲ.

ತಣ್ಣೀರು_ಮಲ್ಲೇಶ್ವರ:
ಕಾನೂನು ಅಂದ್ರಲ್ಲ, ಇಲ್ಲೂ ಇದೆ. ಕಾಡುಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಅಂತ ಒಪ್ಪಂದ ಇದೆ, ಆಕ್ಸೊಲಾಟಲ್ ಅದರ ಎರಡನೇ ಪಟ್ಟಿಯ ಪ್ರಾಣಿ. 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಬಿಲ್ ಇಲ್ಲದೆ ತರಬೇಡಿ.

ಹುಬ್ಬಳ್ಳಿ_ನಡುಮನಿ:
ನಮ್ಮನ್ಯಾಗ ತತ್ತಿ ಒಡದು ಹುಟ್ಟಿದ್ದಕ್ಕ ಎಲ್ಲಿ ಬಿಲ್ ತರ್ಲಿ? ಕಾಡಿಂದ ಹಿಡದು ತಂದದ್ದೇನಲ್ಲ.

ತಣ್ಣೀರು_ಮಲ್ಲೇಶ್ವರ:
ಹುಟ್ಟಿದ್ದನ್ನೂ ತಿಳಿಸಬೇಕು. ನಿಯಮದಲ್ಲಿ ಸ್ಪಷ್ಟವಾಗಿದೆ, ಓದಿ ನೋಡಿ. ಸೊಚಿಮಿಲ್ಕೋದಲ್ಲಿ 1998ರಲ್ಲಿ ಚದರ ಕಿಲೋಮೀಟರ್‌ಗೆ ಸುಮಾರು 6,000 ಇದ್ದದ್ದು 2014ಕ್ಕೆ 36 ಆಯ್ತು. ಅಂಥ ಪ್ರಾಣಿ ಸಾಕೋರು ಕಾಗದಪತ್ರಕ್ಕೆ ಬೇಜಾರು ಮಾಡ್ಕೊಂಡ್ರೆ ಹೇಗೆ?

ಕುಡ್ಲದವ:
ಕಾಗದ ನಂತರ ನೋಡುವ. ರಾಜಾಜಿನಗರದವರೇ, ಫ್ಯಾನಿನಿಂದ ಶುರು ಮಾಡುವುದಾದರೆ ಮರಿ ತರಬೇಡಿ. ನೀರು ತುಂಬಿಸಿ, ಏಪ್ರಿಲ್ ತಿಂಗಳು ಪೂರ್ತಿ ಥರ್ಮಾಮೀಟರ್ ನೋಡಿ. ಮಧ್ಯಾಹ್ನ ಮೂರಕ್ಕೆ ಅಲ್ಲ, ರಾತ್ರಿ ಒಂಬತ್ತಕ್ಕೆ ನೋಡಿ. ನೀರು ಬಿಸಿಯಾಗುವುದು ಗೋಡೆ ಕಾದ ಮೇಲೆ.