ಕಾರ್ಖಾನೆ ಇದ್ದ ಜಾಗದಲ್ಲಿ ಮನೆ ಕಟ್ಟಬಹುದೇ? ತಿಳಿದವರು ಹೇಳಿ

ನಾವು ನೋಡಿರುವ ನಿವೇಶನದಲ್ಲಿ ಹಿಂದೆ ಲೋಹಗಳಿಗೆ ಕ್ರೋಮಿಯಂ ಲೇಪನ ಮಾಡುವ ಕಾರ್ಖಾನೆ ಇತ್ತಂತೆ. ಈಗ ಹೊಸ ಮಣ್ಣು ಹರಡಿ ಸಮತಟ್ಟು ಮಾಡಿದ್ದಾರೆ. ನಮಗೆ ಅಂಬೆಗಾಲಿಡುವ ಮಗುವಿದೆ. ಕೊಳ್ಳಬಹುದೇ?

ಉತ್ತರ 1
ನಾನು ಮಣ್ಣು ಪರೀಕ್ಷೆಯ ಕೆಲಸದಲ್ಲಿದ್ದೇನೆ. ಮೇಲಿನ ಹೊಸ ಮಣ್ಣನ್ನು ನಂಬಿ ದಯವಿಟ್ಟು ಮುಂಗಡ ಕೊಡಬೇಡಿ. ಇಂಥ ಕಡೆ ಹೆಕ್ಸಾವೇಲೆಂಟ್ ಕ್ರೋಮಿಯಂ (ಕ್ರೋಮಿಯಂನ ವಿಷಕಾರಿ ರೂಪ), ನಿಕಲ್, ಸಯನೈಡ್ ಉಳಿದಿರಬಹುದು. ಲೋಹದ ಜಿಡ್ಡು ತೆಗೆಯಲು ಬಳಸುವ ಟ್ರೈಕ್ಲೋರೋಎಥಿಲೀನ್ ಕಂಡರೆ ನನಗೆ ಇನ್ನೂ ಹೆಚ್ಚು ಭಯ. ಅದು ಆಳಕ್ಕಿಳಿದು ಅಂತರ್ಜಲ ಸೇರುತ್ತದೆ. ಆವಿಯಾಗಿ ಮೇಲೇರಿ ನೆಲದ ಬಿರುಕು, ಕೊಳವೆಯ ಸಂದುಗಳಿಂದ ಕೋಣೆಯೊಳಗೆ ಬರುತ್ತದೆ. ಮೂಗಿಗೆ ಗೊತ್ತಾಗದಿದ್ದರೂ ಇರಬಹುದು. ಅದು ಮೂತ್ರಪಿಂಡದ ಕ್ಯಾನ್ಸರ್ ತರಬಲ್ಲದು. ಬೇರೆ ಬೇರೆ ಆಳದ ಮಣ್ಣು, ಅಂತರ್ಜಲ, ಮಣ್ಣಿನೊಳಗಿನ ಅನಿಲ, ಮೂರರ ವರದಿಯನ್ನೂ ಕೇಳಿ. ಲೇಪನದ ತೊಟ್ಟಿಗಳು ಎಲ್ಲಿದ್ದವು, ತ್ಯಾಜ್ಯದ ನೀರು ಎತ್ತ ಹರಿಯುತ್ತಿತ್ತು ಎಂದು ಅಲ್ಲಿ ದುಡಿದವರನ್ನು ವಿಚಾರಿಸಿ, ಅಲ್ಲಿಂದಲೇ ಮಾದರಿ ತೆಗೆಸಿ. ನಕ್ಷೆಯಲ್ಲಿ ಇಲ್ಲದ ಗುಂಡಿಗಳನ್ನೂ ಅವರು ತೋರಿಸಿದ್ದನ್ನು ನಾನು ಕಂಡಿದ್ದೇನೆ.

ಉತ್ತರ 2
ನಮ್ಮ ಅಂಗಳದಲ್ಲಿ ಹಿಂದೆ ಯಾರೋ ಹಳೆಯ ಬ್ಯಾಟರಿಗಳನ್ನು ಒಡೆಯುತ್ತಿದ್ದರು. ಅದು ತಿಳಿದದ್ದು ಮಗಳ ರಕ್ತದಲ್ಲಿ ಸೀಸ ಕಂಡ ಮೇಲೆ. ಆಡಿಕೊಂಡೇ ಇದ್ದಳು, ಯಾವ ಲಕ್ಷಣವೂ ಇರಲಿಲ್ಲ. ಮಕ್ಕಳ ಮಿದುಳಿಗೆ ಇಷ್ಟು ಸೀಸ ಪರವಾಗಿಲ್ಲ ಎನ್ನುವ ಮಿತಿಯೇ ಇಲ್ಲ ಎಂದರು ವೈದ್ಯರು. ನಿಮ್ಮ ಮಗು ನೆಲ ಮುಟ್ಟಿದ ಕೈಯನ್ನೇ ಬಾಯಿಗಿಡುವ ವಯಸ್ಸಿನದು, ಯೋಚಿಸಿ. ಚಪ್ಪಲಿ ಹೊರಗೆ ಬಿಟ್ಟೆವು, ಗುಡಿಸುವುದನ್ನು ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿದೆವು, ಸೊಪ್ಪನ್ನು ಬೇರೆ ಮಣ್ಣಿನ ಕುಂಡಗಳಲ್ಲಿ ಬೆಳೆದೆವು. ಆದರೂ ಅಂಗಳದ ಮಣ್ಣನ್ನು ಅಗೆಸಿ ಸಾಗಿಸುವವರೆಗೆ ನನಗೆ ನೆಮ್ಮದಿ ಇರಲಿಲ್ಲ.

ಉತ್ತರ 3
ಮಣ್ಣು ಮುಚ್ಚಿದರೆ ಸಾಕೆನ್ನುವವರಿಗೆ ಅಮೆರಿಕದ ಲವ್ ಕೆನಾಲ್‌ನ ಕಥೆ ಹೇಳಿ. ಸುಮಾರು 21,000 ಟನ್ ರಾಸಾಯನಿಕ ತ್ಯಾಜ್ಯ ಹೂತಿದ್ದ ಕಾಲುವೆಯನ್ನು ಮುಚ್ಚಿ ಶಾಲೆ ಕಟ್ಟಿದರು, ಸುತ್ತ ಮನೆಗಳೆದ್ದವು. 1978ರಲ್ಲಿ ತುರ್ತು ಪರಿಸ್ಥಿತಿ ಘೋಷಿಸಿ ಜನರನ್ನು ಸ್ಥಳಾಂತರಿಸಬೇಕಾಯಿತು.

ಉತ್ತರ 4
ಕಟ್ಟಡದ ಕೆಲಸ ಮಾಡಿಸುವವನಾಗಿ ಒಂದು ಮಾತು. ಶುದ್ಧೀಕರಣ ಮುಗಿದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದ ವರದಿ ಕೈಗೆ ಬಂದರೆ ಮಾತ್ರ ಮುಂದುವರಿಯಿರಿ. ಆವಿಯ ಅಪಾಯ ಉಳಿದಿದ್ದರೆ ನೆಲಗಟ್ಟಿನ ಕೆಳಗೆ ಆವಿ ತಡೆಯುವ ಹಾಳೆ, ಅನಿಲವನ್ನು ಚಾವಣಿಯ ಮೇಲಕ್ಕೆ ಒಯ್ಯುವ ಕೊಳವೆ ವಿನ್ಯಾಸದಲ್ಲೇ ಇರಲಿ. ಆಮೇಲೆ ಸೇರಿಸುವುದು ಬಹಳ ಕಷ್ಟ. ಅಗೆಯುವಾಗ ಮಣ್ಣನ್ನು ತೇವವಾಗಿಡಿ. ಆ ಧೂಳನ್ನು ಮೊದಲು ಕುಡಿಯುವವರು ಕೂಲಿಯವರು, ಅವರಿಗೆ ಸರಿಯಾದ ಮುಖಗವಸು ಕೊಡಿಸಿ.