‘ಸುಲ್ತಾನ’ ಎಂಬುದು ಹೆಸರೇ, ಪದವಿಯೇ?

ಪ್ರಶ್ನೆ: ಬೋಳೂರು ನಿವಾಸಿ

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ತಂಗಿಯ ಮಗಳನ್ನು ಕರೆದುಕೊಂಡು ಮಂಗಳೂರಿನ ನಮ್ಮ ಮನೆಯ ಹತ್ತಿರದ ಹಳೆಯ ಕಾವಲು ಗೋಪುರ ಸುಲ್ತಾನ್ ಬತ್ತೇರಿಗೆ ಹೋಗಿದ್ದೆ. ತಣ್ಣೀರುಬಾವಿಗೆ ದಾಟಿಸುವ ದೋಣಿ ಬರಲು ಇನ್ನೂ ಹೊತ್ತಿದ್ದುದರಿಂದ ಮೆಟ್ಟಿಲು ಹತ್ತಿ ಮೇಲೆ ಕುಳಿತೆವು. ಅವಳು ಕಪ್ಪುಕಲ್ಲಿನ ಗೋಡೆಯ ಕಿಂಡಿಗೆ ಕಣ್ಣಿಟ್ಟು ಹೊಳೆಯನ್ನು ನೋಡುತ್ತಿದ್ದವಳು ಇದ್ದಕ್ಕಿದ್ದಂತೆ, “ಮಾಮ, ಸುಲ್ತಾನ ಅಂದರೆ ಟಿಪ್ಪುವಿನ ಹೆಸರಾ, ಅವನ ಕೆಲಸದ ಹೆಸರಾ?” ಎಂದು ಕೇಳಿದಳು. ಗುರುಪುರ ಹೊಳೆಯೊಳಗೆ ಯುದ್ಧನೌಕೆಗಳು ನುಗ್ಗದಂತೆ 1784ರಲ್ಲಿ ಟಿಪ್ಪು ಇದನ್ನು ಕಟ್ಟಿಸಿದ ಎಂದು ಹೇಳಲು ನನಗೆ ಕಷ್ಟವಾಗಲಿಲ್ಲ. ಆದರೆ ಅವಳು ಕೇಳಿದ್ದಕ್ಕೆ ಉತ್ತರ ಹೊಳೆಯಲಿಲ್ಲ. ತಂದೆ ಹೈದರಾಲಿಯನ್ನು ನಾವು ನವಾಬನೆನ್ನುತ್ತೇವೆ, ದೆಹಲಿಯ ಅಕ್ಬರನನ್ನು ಬಾದಶಾಹನೆನ್ನುತ್ತೇವೆ, ಟಿಪ್ಪುವನ್ನು ಮಾತ್ರ ಸುಲ್ತಾನನೆನ್ನುತ್ತೇವೆ. ಈ ಪದ ಎಲ್ಲಿ ಹುಟ್ಟಿತು, ನಮ್ಮ ಕರಾವಳಿಗೆ ಯಾವಾಗ ಬಂತು, ಮುಸ್ಲಿಂ ಅರಸ ಎಂಬಷ್ಟೇ ಇದರ ಅರ್ಥವೇ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ನಿವೃತ್ತ ಇತಿಹಾಸ ಅಧ್ಯಾಪಕಿ, ಉಡುಪಿ

ಮಗುವಿನ ಪ್ರಶ್ನೆ ಬಹಳ ಚೆನ್ನಾಗಿದೆ, ಏಕೆಂದರೆ ಮೂಲದಲ್ಲಿ ಈ ಪದ ಹೆಸರೂ ಆಗಿರಲಿಲ್ಲ, ಪದವಿಯೂ ಆಗಿರಲಿಲ್ಲ. ಅರಬ್ಬಿಯಲ್ಲಿ ‘ಸುಲ್ತಾನ್’ ಎಂದರೆ ಅಧಿಕಾರ, ಪ್ರಭುತ್ವ. ನಾವು ‘ಸರಕಾರ ತೆರಿಗೆ ಹಾಕಿತು’ ಎನ್ನುವಾಗ ಯಾವೊಬ್ಬ ಮನುಷ್ಯನನ್ನೂ ಹೇಗೆ ಹೆಸರಿಸುವುದಿಲ್ಲವೋ, ಹಾಗೆಯೇ ಮೊದಮೊದಲಿನ ಅರಬ್ಬಿ ಕಾಗದಪತ್ರಗಳಲ್ಲಿ ಇದು ಆಳುವ ವ್ಯವಸ್ಥೆಯನ್ನು ಸೂಚಿಸುತ್ತಿತ್ತು. ಆ ಅಧಿಕಾರವನ್ನು ಕೈಯಲ್ಲಿ ಹಿಡಿದವನಿಗೇ ಆ ಪದ ಅಂಟಿಕೊಂಡದ್ದು ನಿಧಾನವಾಗಿ.

ಅದು ಬಿರುದಾಗಿ ಗಟ್ಟಿಯಾದದ್ದು 11ನೇ ಶತಮಾನದಲ್ಲಿ. ಬಾಗ್ದಾದಿನಲ್ಲಿ ಮುಸ್ಲಿಂ ಸಮುದಾಯದ ಮುಖ್ಯಸ್ಥರೆನಿಸಿದ್ದ ಅಬ್ಬಾಸಿ ವಂಶದ ಖಲೀಫರು ಪೀಠದ ಮೇಲೆ ಇದ್ದರು, ಆದರೆ ದಂಡು ಮತ್ತು ಬೊಕ್ಕಸ ಅವರ ಕೈಯಲ್ಲಿರಲಿಲ್ಲ. 1055ರಲ್ಲಿ ಸೆಲ್ಜೂಕ್ ತುರ್ಕರ ತುಘ್ರಿಲ್ ಬೇಗ್ ಆ ನಗರವನ್ನು ಪ್ರವೇಶಿಸಿದ ಮೇಲೆ ಖಲೀಫನ ಹೆಸರಿನ ಗೌರವ ಒಂದೆಡೆ, ಸುಲ್ತಾನನ ಖಡ್ಗದ ಬಲ ಇನ್ನೊಂದೆಡೆ ಎಂಬ ವಿಭಾಗವೇ ವ್ಯವಸ್ಥೆಯಾಯಿತು. ಒಬ್ಬನು ಸುಲ್ತಾನನೆಂದು ಜನ ಒಪ್ಪಬೇಕಾದರೆ ಎರಡು ಗುರುತುಗಳು ಬೇಕಿದ್ದವು: ಶುಕ್ರವಾರದ ನಮಾಜಿನ ಖುತ್ಬಾ ಪ್ರವಚನದಲ್ಲಿ ಅವನ ಹೆಸರು ಓದಬೇಕು, ನಾಣ್ಯದ ಮೇಲೆ ಅವನ ಹೆಸರು ಅಚ್ಚಾಗಬೇಕು. ಹೊಸ ಅರಸ ಬಂದನೆಂಬ ಸುದ್ದಿ ಹಳ್ಳಿಯವರಿಗೆ ತಿಳಿಯುತ್ತಿದ್ದದ್ದು ಈ ಎರಡರಿಂದಲೇ.

ದೆಹಲಿಯ ಇಲ್ತುತ್ಮಿಶನಿಗೆ 1229ರಲ್ಲಿ ಬಾಗ್ದಾದಿನ ಖಲೀಫನಿಂದ ಮಾನ್ಯತೆ ಬಂತು. ಇದಕ್ಕಿಂತಲೂ ನನ್ನ ಮನಸ್ಸಿನಲ್ಲಿ ಉಳಿದಿರುವುದು ಮುಹಮ್ಮದ್ ಬಿನ್ ತುಘಲಕನ ಕಥೆ. ಅವನು ತನ್ನ ನಾಣ್ಯಗಳಿಂದ ತನ್ನದೇ ಹೆಸರನ್ನು ತೆಗೆಸಿ, ಕೈರೋದಲ್ಲಿ ನೆಲೆಸಿದ್ದ ಖಲೀಫನ ಹೆಸರನ್ನು ಅಚ್ಚು ಹಾಕಿಸಿದ. ಆ ಖಲೀಫ 1340ರಲ್ಲೇ ತೀರಿಕೊಂಡಿದ್ದ. ಸತ್ತವನ ಹೆಸರು ದೆಹಲಿಯ ಟಂಕಸಾಲೆಯಲ್ಲಿ ಅಚ್ಚಾಗುತ್ತಲೇ ಇತ್ತು. ಅಷ್ಟು ದೊಡ್ಡ ರಾಜ್ಯವನ್ನಾಳುತ್ತಿದ್ದವನಿಗೂ ‘ಸುಲ್ತಾನ’ ಎಂಬ ಬಿರುದು ತನ್ನಷ್ಟಕ್ಕೆ ಸಾಕೆನಿಸಲಿಲ್ಲ ಎಂಬುದನ್ನು ಗಮನಿಸಬೇಕು. ನಮ್ಮ ಕನ್ನಡನಾಡಿನಲ್ಲಿ 1347ರಲ್ಲಿ ಬಹಮನಿಗಳು ಕಲಬುರಗಿಯಿಂದ ಆಳತೊಡಗಿದಾಗ ಈ ಬಿರುದು ಇಲ್ಲಿಯೂ ನೆಲೆಯೂರಿತು.

ಉತ್ತರ 2: ಶಾಸನಾಸಕ್ತ, ಬಾರ್ಕೂರು

ಅಧ್ಯಾಪಕಿಯವರ ಮಾತಿಗೆ ಕರಾವಳಿಯ ಎರಡು ಸಂಗತಿಗಳನ್ನು ಸೇರಿಸುತ್ತೇನೆ. 1342ರ ಸುಮಾರಿಗೆ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಈ ದಾರಿಯಾಗಿ ಹಡಗಿನಲ್ಲಿ ಹೋದ. ನಮ್ಮ ಬಾರ್ಕೂರನ್ನು ಅವನು ‘ಫಾಕನೂರ್’ ಎಂದೂ ಮಂಗಳೂರನ್ನು ‘ಮಂಜರೂರ್’ ಎಂದೂ ಬರೆದಿದ್ದಾನೆ. ಮಂಗಳೂರಿನಲ್ಲಿ ಪರ್ಷಿಯಾ ಮತ್ತು ಯೆಮೆನ್ನಿನ ವರ್ತಕರು ಇಳಿಯುತ್ತಿದ್ದರು, ಮೆಣಸು ಮತ್ತು ಶುಂಠಿ ಹೇರಳವಾಗಿತ್ತು, ಸುಮಾರು 4,000 ಮುಸ್ಲಿಮರು ವಾಸವಾಗಿದ್ದರು ಎನ್ನುತ್ತಾನೆ. ಬಾರ್ಕೂರನ್ನು ಆಳುತ್ತಿದ್ದ ವಾಸುದೇವನನ್ನೂ ಮಂಗಳೂರಿನ ರಾಮದೇವನನ್ನೂ ಅವನು ಕರೆಯುವುದು ‘ಸುಲ್ತಾನ’ ಎಂದೇ. ಅವರು ಮುಸ್ಲಿಮರಲ್ಲವೆಂದು ಸ್ಪಷ್ಟವಾಗಿ ಗೊತ್ತಿದ್ದೂ ಅವನು ಆ ಪದವನ್ನು ಬಳಸಿದ. ಆಳುವವನು ಯಾರೇ ಇರಲಿ, ಅರಬ್ಬಿ ಬರೆಯುವವನ ಲೇಖನಿಗೆ ಅವನು ಸುಲ್ತಾನನೇ ಆಗಿದ್ದ.

ಎರಡನೆಯದು ನನಗೆ ಇನ್ನೂ ಪ್ರಿಯವಾದದ್ದು. ವಿಜಯನಗರದ ಮೊದಲ ಅರಸರ ಶಾಸನಗಳನ್ನು ಓದಿದವರಿಗೆ ‘ಅರಿರಾಯವಿಭಾಡ, ಭಾಷೆಗೆ ತಪ್ಪುವ ರಾಯರ ಗಂಡ’ ಎಂಬ ಬಿರುದುಗಳ ಸಾಲು ಬಾಯಿಪಾಠವಾಗಿರುತ್ತದೆ. ಅದೇ ಸಾಲಿನಲ್ಲಿ ‘ಹಿಂದೂರಾಯ ಸುರತ್ರಾಣ’ ಎಂಬುದೂ ಬರುತ್ತದೆ, ಕೆಲವು ಕಡೆ ‘ಸುರತಾಳ’ ಎಂದಿರುತ್ತದೆ. ಸಂಸ್ಕೃತವಾಗಿ ಬಿಡಿಸಿದರೆ ‘ಸುರತ್ರಾಣ’ನು ದೇವತೆಗಳನ್ನು ಕಾಯುವವನು, ಆದರೆ ಆ ಮಾತು ಹುಟ್ಟಿದ್ದು ‘ಸುಲ್ತಾನ್’ ಎಂಬ ಅರಬ್ಬಿ ಪದವನ್ನು ಸಂಸ್ಕೃತದ ಎರಕಕ್ಕೆ ಹೊಯ್ದಾಗ. ಹಿಂದೂ ರಾಜರಲ್ಲಿ ತಾನು ಸುಲ್ತಾನ ಎಂದು ಬುಕ್ಕರಾಯ ಹೆಮ್ಮೆಯಿಂದ ಹೇಳಿಕೊಂಡ. ಹಾಗಾಗಿ ಮುಸ್ಲಿಂ ಅರಸ ಎಂಬಷ್ಟೇ ಅರ್ಥವೇ ಎಂಬ ತಮ್ಮ ಕೊನೆಯ ಪ್ರಶ್ನೆಗೆ ನಮ್ಮ ಕಲ್ಲುಗಳೇ ಅಲ್ಲ ಎಂದು ಉತ್ತರ ಕೊಡುತ್ತವೆ.

ಬೋಳೂರು ನಿವಾಸಿ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಇದನ್ನೆಲ್ಲ ಅವಳಿಗೆ ಓದಿ ಹೇಳಿದೆ. ಈಗ ಅವಳದು ಇನ್ನೆರಡು ಪ್ರಶ್ನೆಗಳು: ಹಾಗಾದರೆ ಟಿಪ್ಪುವಿನ ವಿಷಯ ಏನು, ಮತ್ತು ಹುಡುಗಿಯರು ಸುಲ್ತಾನರಾಗಬಹುದೇ?

ಉತ್ತರ 3: ಉಳ್ಳಾಲದವನು, ಈಗ ಮಸ್ಕತ್

ಬ್ಯಾರಿ ಮನೆಯವನಾದ ನಾನು ಮದ್ರಸದಲ್ಲಿ ಸೂರಾ ಅರ್ರಹ್ಮಾನ್ ಕಲಿಯುವಾಗಲೇ ‘ಸುಲ್ತಾನ್’ ಪದವನ್ನು ಮೊದಲು ಕೇಳಿದ್ದು. ಅಲ್ಲಿ ಅದರ ಅರ್ಥ ಅಧ್ಯಾಪಕಿಯವರು ಹೇಳಿದ ಹಾಗೆ ಅಧಿಕಾರ, ಶಕ್ತಿ ಎಂದೇ. ಇನ್ನು, ಇದು ಹೆಸರೂ ಆಗಬಲ್ಲದು ಎಂಬುದಕ್ಕೆ ನಾನು ದುಡಿಯುವ ಒಮಾನಿಗಿಂತ ಒಳ್ಳೆಯ ಉದಾಹರಣೆ ಇಲ್ಲ. 1650ರಲ್ಲಿ ಮಸ್ಕತ್ತಿನಿಂದ ಪೋರ್ಚುಗೀಸರನ್ನು ಹೊರಹಾಕಿದವರು ಸುಲ್ತಾನ್ ಬಿನ್ ಸೈಫ್. ಅವರ ಹೆಸರು ಸುಲ್ತಾನ್, ಪದವಿ ಇಮಾಮ್. ಟಿಪ್ಪುವಿನ ವಿಷಯದಲ್ಲಿಯೂ ಹಾಗೆಯೇ: ‘ಟಿಪ್ಪು ಸುಲ್ತಾನ್’ ಎಂಬುದು ಹುಟ್ಟಿದಾಗ ಇಟ್ಟ ಹೆಸರು, ‘ಟಿಪ್ಪು’ ಎಂದದ್ದು ಆರ್ಕಾಟಿನ ಸಂತ ಟಿಪ್ಪು ಮಸ್ತಾನ್ ಔಲಿಯಾ ಅವರ ನೆನಪಿಗೆ. ಮುಂದೆ ಸ್ವತಂತ್ರ ಅರಸನೆಂದು ಸಾರಿಕೊಂಡಾಗ ಆತ ಆರಿಸಿಕೊಂಡ ಬಿರುದು ‘ಪಾದಶಾಹ’, ಅಂದರೆ ಬಾದಶಾಹ. ಮಂಗಳೂರಿನ ಅಕ್ಕಿ ಈ ಊರಿಗೆ ಬರುತ್ತಿದ್ದ ಆ ಕಾಲದಲ್ಲಿ ಟಿಪ್ಪುವಿನ ವ್ಯಾಪಾರದ ಕೋಠಿಯೊಂದು ಮಸ್ಕತ್ತಿನಲ್ಲಿತ್ತು ಎಂಬುದನ್ನೂ ಮಗುವಿಗೆ ಹೇಳಿ. ತುರ್ಕಿಯಲ್ಲಿ ಈ ಪದವಿ 1922ರಲ್ಲಿ ರದ್ದಾಯಿತು, ಮೊರಾಕೊದ ಸುಲ್ತಾನರು 1957ರಲ್ಲಿ ‘ಮಲಿಕ್’ (ರಾಜ) ಎಂಬ ಬಿರುದು ಧರಿಸಿದರು. ಒಮಾನ್, ಬ್ರೂನೈ ಮತ್ತು ಮಲೇಶಿಯಾದ ಏಳು ರಾಜ್ಯಗಳಲ್ಲಿ ಇಂದಿಗೂ ಸುಲ್ತಾನರಿದ್ದಾರೆ.

ನಿವೃತ್ತ ಇತಿಹಾಸ ಅಧ್ಯಾಪಕಿ, ಉಡುಪಿ

ಹುಡುಗಿಯ ಎರಡನೇ ಪ್ರಶ್ನೆಗೆ ನಾನೇ ಉತ್ತರಿಸುತ್ತೇನೆ, ಸಂತೋಷದಿಂದ. 1236ರಿಂದ 1240ರವರೆಗೆ ದೆಹಲಿಯನ್ನಾಳಿದ ರಜಿಯಾಳನ್ನು ಅದೇ ಕಾಲದ ಇತಿಹಾಸಕಾರ ಮಿನ್ಹಾಜ್ ‘ಸುಲ್ತಾನ್’ ಎಂದೇ ಬರೆದಿದ್ದಾನೆ. 1250ರಲ್ಲಿ ಈಜಿಪ್ಟಿನ ಸಿಂಹಾಸನವೇರಿದ ಶಜರ್ ಅಲ್-ದುರ್ ಕೂಡ ಹೆಣ್ಣುಮಗಳೇ. ಉಸ್ಮಾನಿ ತುರ್ಕರಲ್ಲಿ ಅರಮನೆಯ ಹೆಂಗಸರಿಗೂ ಈ ಬಿರುದಿತ್ತು. ಗಂಡಸರಿಗೆ ಹೆಸರಿನ ಮುಂಚೆ, ಸುಲ್ತಾನ್ ಸುಲೇಮಾನ್ ಎಂದು. ಹೆಂಗಸರಿಗೆ ಹೆಸರಿನ ನಂತರ, ಹುರ್ರೆಮ್ ಸುಲ್ತಾನ್ ಎಂದು. ಮುಂದಿನ ಸಲ ಬತ್ತೇರಿಗೆ ಹೋದಾಗ ಅವಳ ಹೆಸರಿಗೂ ಅದನ್ನು ಸೇರಿಸಿ ಕರೆದು ನೋಡಿ.