ಇದು ಇಲಿಯೋ, ಬೇರೇನೋ? ವನ್ಯಜೀವಿ ವೈದ್ಯೆಗೆ ಸದಸ್ಯರ ಪ್ರಶ್ನೆಗಳು

ನಿರ್ವಾಹಕರು: ಮೆಲ್ಬರ್ನ್ ಸುತ್ತಮುತ್ತಲಿನ ಸದಸ್ಯರು ಹಿತ್ತಲಿನಲ್ಲಿ ಕಂಡ ಇಲಿಯಂತಹ ಪ್ರಾಣಿಗಳ ಚಿತ್ರಗಳನ್ನು ಹಾಕುತ್ತಲೇ ಇದ್ದಾರೆ. ಯಾವುದು ಮನೆ ಇಲಿ, ಯಾವುದು ಆಸ್ಟ್ರೇಲಿಯಾದ ಹೊಟ್ಟೆಚೀಲದ ಪ್ರಾಣಿ ಎಂಬ ಗೊಂದಲಕ್ಕೆ ನಮ್ಮ ಗುಂಪಿನಲ್ಲಿಯೇ ಇರುವ ವನ್ಯಜೀವಿ ವೈದ್ಯೆಯೊಬ್ಬರು ಇಂದು ಉತ್ತರಿಸಲಿದ್ದಾರೆ. ದಯವಿಟ್ಟು ಎಲ್ಲರೂ ವಿಷಯಕ್ಕೆ ಅಂಟಿಕೊಳ್ಳಬೇಕು.

ಟಾರ್ನೀಟ್ ಸದಸ್ಯೆ: ನಮಸ್ಕಾರ ಡಾಕ್ಟರೇ. ಹೊಸ ಮನೆಯ ಬೇಲಿಯ ಪಕ್ಕದ ಕಪ್ಪು ಕಲ್ಲುಗಳನ್ನು ಸರಿಸುವಾಗ, ಒಂದರ ಅಡಿಯಲ್ಲಿ ಈ ಪುಟ್ಟ ಪ್ರಾಣಿ ಮುದುಡಿಕೊಂಡು ಬಿದ್ದಿತ್ತು. ಮೈ ತಣ್ಣಗಿದೆ, ಅಲುಗಾಡುತ್ತಿಲ್ಲ. ಬಾಲ ಮಾತ್ರ ಬುಡದಲ್ಲಿ ಊದಿಕೊಂಡಂತೆ ದಪ್ಪಗಿದೆ. ರೋಗ ಬಂದು ಸತ್ತ ಇಲಿ, ಕಸದ ಬುಟ್ಟಿಗೆ ಹಾಕು ಎಂದು ಯಜಮಾನರು ಹೇಳುತ್ತಿದ್ದಾರೆ. ಚಿತ್ರ ಹಾಕಿದ್ದೇನೆ.

ವೈದ್ಯೆ: ಕಸದ ಬುಟ್ಟಿಗೆ ಖಂಡಿತ ಹಾಕಬೇಡಿ. ಅದು ಇಲಿಯೂ ಅಲ್ಲ, ಬಹುತೇಕ ಸತ್ತೂ ಇಲ್ಲ. ನಿಮ್ಮ ಚಿತ್ರದಲ್ಲಿರುವುದು ದಪ್ಪ ಬಾಲದ ಡನಾರ್ಟ್ ಎಂಬ ಹೊಟ್ಟೆಚೀಲದ ಪುಟ್ಟ ಪ್ರಾಣಿ. ಮೆಲ್ಬರ್ನಿನ ಪಶ್ಚಿಮಕ್ಕೆ ಹರಡಿದ್ದ ಹುಲ್ಲುಗಾವಲಿನಲ್ಲಿ, ಜ್ವಾಲಾಮುಖಿಯ ಕಪ್ಪು ಕಲ್ಲುಗಳ ಅಡಿಯಲ್ಲಿ ಬದುಕುವ ಪ್ರಾಣಿ ಇದು. ಆ ಹುಲ್ಲುಗಾವಲಿನ ಬಹುಪಾಲು ಈಗ ಹೊಲವೋ ಬಡಾವಣೆಯೋ ಆಗಿಹೋಗಿದೆ. ಆದ್ದರಿಂದ ನಿಮ್ಮ ಬೇಲಿಯ ಬದಿಯಲ್ಲಿ ಅದು ಉಳಿದಿದೆ ಎಂಬುದು ನನಗೆ ನಿಜಕ್ಕೂ ಸೋಜಿಗದ ಸಂಗತಿ.

ತಣ್ಣಗಿರುವುದಕ್ಕೆ ಕಾರಣವಿದೆ. ಚಳಿ ಹೆಚ್ಚಾಗಿ, ತಿನ್ನಲು ಹುಳುಗಳು ಸಿಗದೆ ಹೋದಾಗ ಡನಾರ್ಟ್ ತನ್ನ ಮೈಯ ಬಿಸಿಯನ್ನು ಸುಮಾರು 15 ಡಿಗ್ರಿಯವರೆಗೂ ಇಳಿಸಿಕೊಂಡು, ಉಸಿರಾಟವನ್ನೂ ಎದೆಬಡಿತವನ್ನೂ ತಗ್ಗಿಸಿ, ಕೆಲವು ಗಂಟೆಗಳ ಕಾಲ ಜಡವಾಗಿ ಬಿದ್ದಿರುತ್ತದೆ; ಹೊತ್ತೇರಿದ ಮೇಲೆ ಬಿಸಿಲಿಗೆ ಮೈಯೊಡ್ಡಿ ಎಚ್ಚರಗೊಳ್ಳುತ್ತದೆ. ಊದಿದಂತೆ ಕಾಣುವ ಬಾಲ ರೋಗವಲ್ಲ, ಕೂಡಿಟ್ಟ ಕೊಬ್ಬು. ಹಸಿದ ಡನಾರ್ಟಿನ ಬಾಲ ಸಪೂರವಾಗಿಯೇ ಇರುತ್ತದೆ. ಹಾಗಾಗಿ ಬಾಲವೊಂದನ್ನೇ ನಂಬಿ ಹೌದೆನ್ನಬೇಡಿ, ಅಲ್ಲವೆನ್ನಲೂ ಬೇಡಿ. ನಾನು ನಿಮ್ಮ ಚಿತ್ರದಲ್ಲಿ ಗುರುತಿಸಿದ್ದು ಉಬ್ಬಿದ ದೊಡ್ಡ ಕಣ್ಣು, ಅಗಲವಾದ ತೆಳು ಕಿವಿ, ಚೂಪು ಮೂತಿ, ಬಿಳಿಯ ಹೊಟ್ಟೆ ಮತ್ತು ಉದ್ದಕ್ಕೆ ಕಿರಿದಾಗಿರುವ ಹಿಂಗಾಲಿನ ಪಾದಗಳನ್ನು.

ಹೀಟರ್ ಮುಂದೆ ಇಡಬೇಡಿ, ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಹಿಡಿಯಬೇಡಿ, ಬಾಯಿಗೆ ನೀರು ಬಿಡಬೇಡಿ. ಗಾಯವಿಲ್ಲದಿದ್ದರೆ ಅದು ಇದ್ದಲ್ಲಿಯೇ ಇಟ್ಟು, ಅದರ ಮೇಲೆ ಭಾರ ಬೀಳದಂತೆ ಆ ಕಲ್ಲನ್ನು ಮೊದಲಿನ ಹಾಗೆ ಹೊಂದಿಸಿ, ಅಲ್ಲಿನ ಕೆಲಸವನ್ನು ನಿಲ್ಲಿಸಿ. ಕೆಲಸ ನಿಲ್ಲಿಸಲು ಸಾಧ್ಯವಿಲ್ಲವಾದರೆ ವೈಲ್ಡ್‌ಲೈಫ್ ವಿಕ್ಟೋರಿಯಾ ಸಹಾಯವಾಣಿಗೆ ಕರೆ ಮಾಡಿ ಹೇಳಿ.

ಪಾಯಿಂಟ್ ಕುಕ್ ಸದಸ್ಯ: ಮೇಡಂ, ನಮ್ಮ ಗ್ಯಾರೇಜಿನಲ್ಲಿಯೂ ಒಂದಿದೆ. ಬೂದು ಬಣ್ಣ, ತೆಳು ಬಾಲ. ಇದು ಇಲಿಯೇ, ಡನಾರ್ಟೇ? ಇಲಿಯಾದರೆ ಇಂದು ರಾತ್ರಿಯೇ ಪಾಷಾಣ ಇಡಬೇಕೆಂದಿದ್ದೇನೆ.

ವೈದ್ಯೆ: ಬಣ್ಣದಿಂದ ಏನೂ ತಿಳಿಯುವುದಿಲ್ಲ. ಬಾಯಿ ಮತ್ತು ಪಾದಗಳನ್ನು ನೋಡಬೇಕು. ಇಲಿಗೆ ಮೇಲೊಂದು ಜೊತೆ, ಕೆಳಗೊಂದು ಜೊತೆ ಉದ್ದನೆಯ ಬಾಚಿಹಲ್ಲುಗಳಿದ್ದು, ಅವುಗಳ ಹಿಂದೆ ದವಡೆ ಹಲ್ಲಿನವರೆಗೆ ಖಾಲಿ ಜಾಗವಿರುತ್ತದೆ. ಡನಾರ್ಟ್ ಮತ್ತು ಅದರ ಬಂಧುವಾದ, ಇಲಿಯಂತೆಯೇ ಕಾಣುವ ಆಂಟಿಕೈನಸ್‌ಗಳಿಗೆ ಮೇಲ್ದವಡೆಯಲ್ಲಿ ನಾಲ್ಕು ಜೊತೆ ಸಣ್ಣ ಬಾಚಿಹಲ್ಲುಗಳೂ ಅವುಗಳ ಪಕ್ಕದಲ್ಲಿ ಕೋರೆಹಲ್ಲೂ ಸಾಲಾಗಿ ಇರುತ್ತವೆ. ಮನೆ ಇಲಿಯ ಮುಂಗಾಲಿನಲ್ಲಿ ನಾಲ್ಕು ಬೆರಳುಗಳು ಕಾಣುತ್ತವೆ, ಇವಕ್ಕೆ ಐದು. ನಿಮ್ಮ ಚಿತ್ರದಲ್ಲಿ ಕಾಣುವುದು ಬೆನ್ನು ಮಾತ್ರ. ತಿಳಿಯುವವರೆಗೆ ಪಾಷಾಣ ಬೇಡ.

ಕ್ಲೇಟನ್ ಸದಸ್ಯ: ಎಲ್ಲರಿಗೂ ಉಪಯೋಗವಾಗಲೆಂದು ಹಂಚಿಕೊಳ್ಳುತ್ತಿದ್ದೇನೆ: "ನುಸಿಗುಳಿಗೆಗಳನ್ನು ಪುಡಿಮಾಡಿ ಇಂಗಿನ ನೀರಿನಲ್ಲಿ ಕಲಸಿ ಮೂಲೆಗಳಿಗೆ ಚಿಮುಕಿಸಿದರೆ ಇಲಿ, ಪೋಸಮ್ ಯಾವುದೂ ಸುಳಿಯುವುದಿಲ್ಲ. ಗಾಯಗೊಂಡ ಪ್ರಾಣಿ ಸಿಕ್ಕರೆ ಹಸುವಿನ ಹಾಲಿಗೆ ಅರಿಶಿನ ಬೆರೆಸಿ ಕುಡಿಸಿ."

ವೈದ್ಯೆ: ದಯವಿಟ್ಟು ಇದನ್ನು ಮುಂದಕ್ಕೆ ಕಳುಹಿಸಬೇಡಿ. ನುಸಿಗುಳಿಗೆಯಲ್ಲಿರುವ ನ್ಯಾಫ್ತಲೀನ್ ಪ್ರಾಣಿಗಳಿಗಷ್ಟೇ ಅಲ್ಲ, ನೆಲದ ಮೇಲೆ ಅಂಬೆಗಾಲಿಡುವ ನಿಮ್ಮ ಮಗುವಿಗೂ ವಿಷ. ಹಸುವಿನ ಹಾಲನ್ನು ಅರಗಿಸಿಕೊಳ್ಳುವ ಶಕ್ತಿ ಈ ಪ್ರಾಣಿಗಳಿಗಿಲ್ಲ, ಭೇದಿಯಾಗಿ ಸಾಯುತ್ತವೆ.

ಬೆಲ್‌ಗ್ರೇವ್ ಸದಸ್ಯೆ: ಡಾಕ್ಟರೇ, ತುರ್ತಾಗಿದೆ. ನಮ್ಮ ಬೆಕ್ಕು ಈಗಷ್ಟೇ ಒಂದು ಕಂದು ಪ್ರಾಣಿಯನ್ನು ಕಚ್ಚಿ ತಂದಿತು. ಊರಿನಲ್ಲಿ ಗೋಡೆಯ ಬುಡದಲ್ಲಿ ಓಡುವ ಮೂಗಿಲಿಯ ಹಾಗೆ ಚೂಪು ಮೂತಿ. ಜೀವವಿದೆ, ರಕ್ತ ಕಾಣುತ್ತಿಲ್ಲ. ಆದರೆ ಹೊಟ್ಟೆಯ ಕೆಳಗೆ ಗುಲಾಬಿ ಬಣ್ಣದ ಐದಾರು ಗಂಟುಗಳು ನೇತಾಡುತ್ತಿವೆ. ಅವು ಉಣ್ಣೆಗಳು, ಉಪ್ಪು ಹಾಕಿ ಕಿತ್ತುಬಿಡು ಎಂದು ಅತ್ತೆಯವರು ಹೇಳುತ್ತಿದ್ದಾರೆ.

ವೈದ್ಯೆ: ಮುಟ್ಟಬೇಡಿ. ಅವು ಉಣ್ಣೆಗಳಲ್ಲ, ಮರಿಗಳು. ಉಪ್ಪು, ಎಣ್ಣೆ, ಅರಿಶಿನ ಯಾವುದೂ ಬೇಡ. ಅತ್ತೆಯವರಿಗೆ ನನ್ನ ಹೆಸರು ಹೇಳಿ ತಡೆಯಿರಿ.

ನಿಮ್ಮ ಕೈಯಲ್ಲಿರುವುದು ಹೆಣ್ಣು ಆಂಟಿಕೈನಸ್. ಡ್ಯಾಂಡಿನಾಂಗ್ ಬೆಟ್ಟಸಾಲಿನ ಕಾಡಿಗೆ ಅಂಟಿದ ಮನೆಗಳಲ್ಲಿ ಇದು ಸಾಮಾನ್ಯ. ಚಿತ್ರವನ್ನು ದೊಡ್ಡದು ಮಾಡಿ ಕಿವಿಯ ಅಂಚನ್ನು ಗಮನಿಸಿದರೆ ಅಲ್ಲೊಂದು ಸಹಜವಾದ ಕಚ್ಚು (ಗಾಯವಲ್ಲ) ಕಾಣುತ್ತದೆ. ಪಾದ ಅಗಲವಾಗಿ, ಗಿಡ್ಡವಾಗಿ, ಮರದ ತೊಗಟೆಯನ್ನು ಹಿಡಿಯಲು ಗೆರೆಗಳಿರುವ ಮೆತ್ತೆಗಳಿಂದ ಕೂಡಿದೆ. ಮೇಲೆ ಟಾರ್ನೀಟಿನವರು ಕಂಡ ಡನಾರ್ಟಿನ ಪಾದ ಹೀಗಿರುವುದಿಲ್ಲ, ಏಕೆಂದರೆ ಅದು ನೆಲದ ಪ್ರಾಣಿ. ಕಾಂಗರೂಗಳಿಗಿರುವಂತಹ ಚೀಲ ಈ ಹೆಣ್ಣಿಗಿಲ್ಲ. ಹೊಟ್ಟೆಯ ಚರ್ಮದ ಮಡಿಕೆಯಷ್ಟೇ ಇರುವುದರಿಂದ, ಹುಟ್ಟಿದ ಮರಿಗಳು ಮೊಲೆತೊಟ್ಟುಗಳನ್ನು ಬಾಯಲ್ಲಿ ಕಚ್ಚಿಕೊಂಡು ಸುಮಾರು ಐದು ವಾರಗಳ ಕಾಲ ತಾಯಿಯ ಕೆಳಗೆ ನೇತಾಡಿಕೊಂಡೇ ಬೆಳೆಯುತ್ತವೆ. ಅಕ್ಟೋಬರಿನ ಆರಂಭದಲ್ಲಿ ಸಿಕ್ಕ ಹೆಣ್ಣು ಹೀಗೆಯೇ ಇರಬೇಕು. ಎಳೆದರೆ ಮರಿಯ ಬಾಯಿಯೂ ತಾಯಿಯ ತೊಟ್ಟೂ ಹರಿಯುತ್ತವೆ, ಮತ್ತೆ ಅಂಟಿಸಲು ಬರುವುದಿಲ್ಲ.

ರಕ್ತ ಕಾಣದಿದ್ದರೂ ಗಾಯವಿಲ್ಲ ಎಂದು ಭಾವಿಸಬೇಡಿ. ಬೆಕ್ಕಿನ ಹಲ್ಲು ಸೂಜಿಯಷ್ಟು ರಂಧ್ರ ಮಾಡುತ್ತದೆ, ಎಂಜಲಿನ ಬ್ಯಾಕ್ಟೀರಿಯಾ ಒಳಗೆ ಸೇರಿದರೆ ಒಂದೆರಡು ದಿನದಲ್ಲಿ ತಾಯಿಯೂ ಮರಿಗಳೂ ಉಳಿಯುವುದಿಲ್ಲ. ಆಂಟಿಬಯೋಟಿಕ್ ಇಂದೇ ಬೇಕು. ಗಾಳಿಯಾಡುವ ಮುಚ್ಚಳದ ಡಬ್ಬಿಯಲ್ಲಿ ಎಳೆ ಬಿಡದ ಹತ್ತಿಬಟ್ಟೆ ಹಾಸಿ, ಟವೆಲಿನಿಂದ ಮೆಲ್ಲಗೆ ಎತ್ತಿ ಒಳಗಿಟ್ಟು, ಕತ್ತಲಾಗಿರುವ ಜಾಗದಲ್ಲಿರಿಸಿ, ಹತ್ತಿರದ ಪಶುವೈದ್ಯರಿಗೆ ಕರೆ ಮಾಡಿ. ಅದು ಕಚ್ಚುತ್ತದೆ, ಬರಿಗೈ ಹಾಕಬೇಡಿ.

ರಿಂಗ್‌ವುಡ್ ಸದಸ್ಯ: ಕಾಡಿನ ಪಕ್ಕದಲ್ಲಿ ಮನೆ ಮಾಡಿ ಬೆಕ್ಕನ್ನು ಹೊರಗೆ ಬಿಡುವವರಿಗೆ ಮೊದಲು ಬುದ್ಧಿ ಹೇಳಬೇಕು.

ಬೆಲ್‌ಗ್ರೇವ್ ಸದಸ್ಯೆ: ಬಾಗಿಲು ತೆರೆದಾಗ ಒಂದು ಕ್ಷಣ ಹೊರಗೆ ಹೋಗಿತ್ತು. ನಾನು ಸಹಾಯ ಕೇಳಿದ್ದೇನೆ, ತೀರ್ಪನ್ನಲ್ಲ.

ರಿಂಗ್‌ವುಡ್ ಸದಸ್ಯ: ಸತ್ಯ ಹೇಳಿದರೆ ಎಲ್ಲರಿಗೂ ಕಹಿಯೇ.

ವೈದ್ಯೆ: ಬೆಕ್ಕನ್ನು ಒಳಗಿಡಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಈಗ ಆ ಪ್ರಾಣಿಗೆ ಡಬ್ಬಿ ಬೇಕಾಗಿದೆ, ನಿಮ್ಮ ಸತ್ಯವಲ್ಲ.

ವೆರಿಬೀ ಸದಸ್ಯೆ: ಮೇಡಂ, ಈ ಚಿತ್ರದಲ್ಲಿರುವುದು ಇಲಿಯೇ?

ವೈದ್ಯೆ: ಬಾಯಿ, ಪಾದ. ಮೇಲೆ ಬರೆದಿದ್ದೇನೆ.

ಹೀಲ್ಸ್‌ವಿಲ್ ಸದಸ್ಯ: ಆಗಸ್ಟ್ ತಿಂಗಳಿನಲ್ಲಿ ನಮ್ಮ ಸೌದೆಮನೆಯ ಹತ್ತಿರ ಇಂತಹವೇ ಎರಡು ಮೂರು ಸತ್ತು ಬಿದ್ದಿದ್ದವು. ಮೈಮೇಲಿನ ಕೂದಲೆಲ್ಲ ಉದುರಿಹೋಗಿತ್ತು. ಪಕ್ಕದ ಮನೆಯವರು ವಿಷವಿಟ್ಟಿದ್ದಾರೆಂದು ಅವರೊಂದಿಗೆ ಮಾತು ಬಿಟ್ಟಿದ್ದೇನೆ. ನನ್ನ ಇನ್ನೊಂದು ಪ್ರಶ್ನೆ, ಇವು ಅಜೈಲ್ ಆಂಟಿಕೈನಸ್‌ಗಳೇ, ಬ್ರೌನ್ ಆಂಟಿಕೈನಸ್‌ಗಳೇ?

ವೈದ್ಯೆ: ಸತ್ತವು ಗಂಡುಗಳಾಗಿದ್ದರೆ ಪಕ್ಕದವರನ್ನು ದೂರುವ ಮೊದಲು ಇದನ್ನು ಓದಿ. ಆಂಟಿಕೈನಸ್ ಗಂಡುಗಳೆಲ್ಲವೂ ತಮ್ಮ ಮೊದಲ ಬೆದೆಕಾಲ ಮುಗಿಯುತ್ತಿದ್ದಂತೆ, ಒಂದು ವರ್ಷ ತುಂಬುವ ಮುನ್ನವೇ, ಕೆಲವೇ ವಾರಗಳ ಅಂತರದಲ್ಲಿ ಸಾಯುತ್ತವೆ. ಒಂದೊಂದು ಕೂಡುವಿಕೆ ಗಂಟೆಗಟ್ಟಲೆ ನಡೆಯುತ್ತದೆ. ಆ ದಿನಗಳಲ್ಲಿ ಒತ್ತಡದ ಹಾರ್ಮೋನು ಏರಿದ್ದು ಇಳಿಯುವುದೇ ಇಲ್ಲವಾದ್ದರಿಂದ ರೋಗ ತಡೆಯುವ ಶಕ್ತಿ ಕುಸಿದು, ಜಠರದಲ್ಲಿ ಹುಣ್ಣಾಗಿ, ಕೂದಲುದುರಿ, ಹಗಲಿನಲ್ಲಿಯೂ ತೂರಾಡುತ್ತ ಓಡಾಡಿ ಬೀಳುತ್ತವೆ. ನೀವು ವರ್ಣಿಸಿದ್ದು ಇದನ್ನೇ ಹೋಲುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಕಾಡಿನಲ್ಲಿ ಉಳಿಯುವುದು ಬಸಿರಿಯರು ಮಾತ್ರ.

ಅಜೈಲ್ ಮತ್ತು ಬ್ರೌನ್‌ಗಳನ್ನು ಕಣ್ಣಿನಿಂದ ಬೇರ್ಪಡಿಸುವ ಪ್ರಯತ್ನವನ್ನು ಕೈಬಿಡಿ. ಅಜೈಲ್ ಅನ್ನು ಬೇರೆ ಪ್ರಭೇದವೆಂದು ಹೆಸರಿಸಿದ್ದೇ 1998ರಲ್ಲಿ. ನೀವಿರುವುದು ವಿಕ್ಟೋರಿಯಾದಲ್ಲಿ, ಆದ್ದರಿಂದ ಅಜೈಲ್. ಮೈ ದೊಡ್ಡದಾಗಿ, ಕಪ್ಪಾಗಿ, ಮಣ್ಣು ಕೆದಕುವ ಉದ್ದ ಉಗುರುಗಳಿದ್ದರೆ ಡಸ್ಕಿ ಆಂಟಿಕೈನಸ್. ಕಣ್ಣಿನ ಸುತ್ತ ಬಿಳಿ ಬಳೆ, ಬೂದು ತಲೆ, ಹಿಂಭಾಗಕ್ಕೆ ಹೋದಂತೆ ಕೆಂಪೇರುವ ಮೈ ಇದ್ದರೆ ಹಳದಿಪಾದದ ಆಂಟಿಕೈನಸ್. ಇದನ್ನು ಮಾತ್ರ ಬಣ್ಣದಿಂದಲೇ ಹೇಳಬಹುದು.

ಪಾಯಿಂಟ್ ಕುಕ್ ಸದಸ್ಯ: ಹಾಗಾದರೆ ಬಣ್ಣದಿಂದ ಏನೂ ತಿಳಿಯುವುದಿಲ್ಲ ಎಂದು ನನಗೇಕೆ ಹೇಳಿದಿರಿ?

ವೈದ್ಯೆ: ನಿಮ್ಮ ಗ್ಯಾರೇಜಿನಲ್ಲಿರುವುದು ಬೂದು.

ಬ್ರಿಸ್ಬೇನ್ ಸದಸ್ಯ: ನಮ್ಮಲ್ಲಿ ರಾತ್ರಿ ಹೊತ್ತು ಮರದಿಂದ ಮರಕ್ಕೆ ತೇಲುವ ಪ್ರಾಣಿ ಶುಗರ್ ಗ್ಲೈಡರೋ, ಸ್ಕ್ವಿರಲ್ ಗ್ಲೈಡರೋ ತಿಳಿಯುವುದು ಹೇಗೆ?

ವೈದ್ಯೆ: ಸ್ಕ್ವಿರಲ್ ಗ್ಲೈಡರ್ ತೂಕದಲ್ಲಿ ಸುಮಾರು ಎರಡರಷ್ಟಿರುತ್ತದೆ, ಆದರೆ ಟಾರ್ಚ್ ಬೆಳಕಿನಲ್ಲಿ ಗಾತ್ರವನ್ನು ಅಳೆಯಲಾಗದು. ಬಾಲದ ಬುಡ ಮೈಯಷ್ಟೇ ಅಗಲವಾಗಿ ಪೊದೆಗಟ್ಟಿದ್ದು, ಮುಖ ಉದ್ದವಾಗಿ, ಹೊಟ್ಟೆ ಅಚ್ಚ ಬಿಳುಪಾಗಿದ್ದರೆ ಸ್ಕ್ವಿರಲ್. ಬಾಲದ ತುದಿ ಬಿಳಿಯಾಗಿದ್ದರೆ ಅದು ಸ್ಕ್ವಿರಲ್ ಅಲ್ಲ. ನಾಯಿಮರಿಯಂತೆ ಪದೇ ಪದೇ ಬೊಗಳಿದರೆ ಶುಗರ್. ಇಷ್ಟಾಗಿಯೂ 2020ರಲ್ಲಿ ಶುಗರ್ ಗ್ಲೈಡರನ್ನೇ ಮೂರು ಪ್ರಭೇದಗಳಾಗಿ ವಿಂಗಡಿಸಿದ್ದಾರೆ. ನಿಮ್ಮ ಕಡೆಯದನ್ನು ಕ್ರೆಫ್ಟ್ಸ್ ಗ್ಲೈಡರ್ ಎಂದೂ ಬರೆದಿರುತ್ತಾರೆ.

ಬೆಂಗಳೂರು ಸದಸ್ಯ: ನನ್ನ ತಮ್ಮ ಸಾಕಲೆಂದು ಒಂದು ಶುಗರ್ ಗ್ಲೈಡರ್ ಕೊಂಡು ತಂದಿದ್ದಾನೆ. ಅದಕ್ಕೆ ಬಾಳೆಹಣ್ಣು ಕೊಡಬಹುದೇ? ಹಗಲೆಲ್ಲ ಮಲಗಿರುತ್ತದೆ.

ಕ್ಲೇಟನ್ ಸದಸ್ಯ: ನಾನು ಹಂಚಿಕೊಂಡ ಇಂಗಿನ ನೀರನ್ನು ನಮ್ಮ ಅಜ್ಜಿಯ ಕಾಲದಿಂದಲೂ ಬಳಸುತ್ತಿದ್ದೇವೆ, ಯಾರಿಗೂ ಏನೂ ಆಗಿಲ್ಲ. ಎಲ್ಲವೂ ಪುಸ್ತಕದಲ್ಲೇ ಇರಬೇಕೆಂದಿಲ್ಲ.

ಹೀಲ್ಸ್‌ವಿಲ್ ಸದಸ್ಯ: ನಿಮ್ಮ ಅಜ್ಜಿಯವರು ಆಂಟಿಕೈನಸ್ ಸಾಕಿದ್ದರೇ?

ಪಾಯಿಂಟ್ ಕುಕ್ ಸದಸ್ಯ: ಇಲ್ಲಿ ಪ್ರಾಣಿಗಳ ಬಗ್ಗೆ ಇರುವ ಕಾಳಜಿ ಮನುಷ್ಯರ ಬಗ್ಗೆ ಇಲ್ಲ. ನನ್ನ ಅಕ್ಕಿ ಚೀಲ ಹಾಳಾಗಿದೆ. ಪಾಷಾಣ ಇಟ್ಟೇ ಇಡುತ್ತೇನೆ.

ವೈದ್ಯೆ: ಅಕ್ಕಿ ಚೀಲವನ್ನು ಕೊರೆದಿದ್ದರೆ ಬಹುಶಃ ಮನೆ ಇಲಿಯೇ, ಇದನ್ನು ಮೊದಲೇ ಹೇಳಬಹುದಿತ್ತು. ಡನಾರ್ಟ್ ಹುಳು ತಿನ್ನುವ ಪ್ರಾಣಿ. ಅಕ್ಕಿಯನ್ನು ಲೋಹದ ಡಬ್ಬಿಗೆ ತುಂಬಿ, ಗೋಡೆಯ ತೂತುಗಳನ್ನು ಮುಚ್ಚಿ, ಜೀವಂತ ಹಿಡಿಯುವ ಬೋನು ಇಟ್ಟು ಬೆಳಿಗ್ಗೆಯೇ ನೋಡಿ. ಬ್ರೋಡಿಫಕೂಮ್ ಇರುವ ಪಾಷಾಣ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ಕೆಲವು ದಿನ ಓಡಾಡಿಕೊಂಡಿದ್ದು ಗೂಬೆಯ ಬಾಯಿಗೆ ಬೀಳುತ್ತದೆ, ಆ ವಿಷ ಗೂಬೆಯ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಆ ಗೂಬೆಗಳು ಬರುವುದು ನನ್ನ ಮೇಜಿಗೆ. ಇದಕ್ಕಿಂತ ಹೆಚ್ಚು ವಾದ ನನಗೆ ಬೇಡ.

ವೆರಿಬೀ ಸದಸ್ಯೆ: ಮೇಡಂ, ಬಾಯಿ ಕಾಣುವ ಚಿತ್ರ ಹಾಕಿದ್ದೇನೆ. ಈಗ ಹೇಳಬಹುದೇ?

ವೈದ್ಯೆ: ಮನೆ ಇಲಿ.

ಬೆಲ್‌ಗ್ರೇವ್ ಸದಸ್ಯೆ: ಪಶುವೈದ್ಯರು ಈಗಲೇ ಬರಲು ಹೇಳಿದ್ದಾರೆ, ವನ್ಯಪ್ರಾಣಿಗೆ ಶುಲ್ಕವಿಲ್ಲವಂತೆ. ಮರಿಗಳು ಅಂಟಿಕೊಂಡೇ ಇವೆ. ದಾರಿಯಲ್ಲಿ ಬಾಯಾರಿದರೆಂದು ಡಬ್ಬಿಯೊಳಗೆ ಒಂದು ಬಟ್ಟಲು ನೀರು ಇಡಲೇ?

ವೈದ್ಯೆ: ಬೇಡ, ಕಾರು ಅಲುಗಿದರೆ ಚೆಲ್ಲಿ ಎಲ್ಲವೂ ಒದ್ದೆಯಾಗಿ ಚಳಿ ಹಿಡಿಯುತ್ತದೆ. ಮುಚ್ಚಳ ತೆಗೆದು ನೋಡುವುದನ್ನೂ ನಿಲ್ಲಿಸಿ. ಹೊರಡಿ.